ಏಂಜಲ್ ಟ್ರೀ ಚೀಟಿ ತಂದಾಯ್ತು, ಒಂದು ಮಗುವಿಗೆ ಎಷ್ಟು ಖರ್ಚು ಮಾಡೋದು?

ತುಂಗೆಯ_ದಡ · ಪ್ಲೇನೋ, ಟೆಕ್ಸಸ್

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಗೆಹರಿಯದ ಒಂದು ವಿಷಯ ಇಲ್ಲಿಗೆ ತಂದಿದ್ದೇನೆ.

ನನ್ನ ಹೆಂಡತಿಯ ಆಫೀಸಿನ ಲಾಬಿಯಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೂ ಮೊದಲೇ ಒಂದು ಕ್ರಿಸ್‌ಮಸ್ ಮರ ನಿಲ್ಲಿಸಿದ್ದಾರೆ. ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯವರ ಏಂಜಲ್ ಟ್ರೀ, ಬಡ ಮಕ್ಕಳಿಗೆ ಕ್ರಿಸ್‌ಮಸ್ ಗಿಫ್ಟ್ ಕೊಡಿಸೋದಕ್ಕೆ. ಮರದ ತುಂಬಾ ಕಾಗದದ ಚೀಟಿ. ಒಂದು ಚೀಟಿ ಅಂದರೆ ಒಂದು ಮಗು. ವಯಸ್ಸು, ಬಟ್ಟೆ ಸೈಜ್, ಶೂ ಸೈಜ್, ಅಗತ್ಯ ಏನು, ಆಸೆ ಏನು, ಇಷ್ಟು ಬರೆದಿರುತ್ತಾರೆ. ಇವಳು ಎರಡು ಚೀಟಿ ತಂದಿದ್ದಾಳೆ. ಒಂದು ಏಳು ವರ್ಷದ ಹುಡುಗಿಯದು. ಚಳಿ ಕೋಟು ಮತ್ತು ಶೂ ಬೇಕು, ಆಸೆ ಗೊಂಬೆ ಅಥವಾ ಬಣ್ಣದ ಸೆಟ್. ಇನ್ನೊಂದು ಹನ್ನೆರಡು ವರ್ಷದ ಹುಡುಗನದು. ಜೀನ್ಸ್, ಹೂಡಿ ಬೇಕು, ಆಸೆ ಸೈಕಲ್ ಅಥವಾ ಹೆಡ್‌ಫೋನ್.

ಆಫೀಸಿನ ಮೇಲ್‌ನಲ್ಲಿ "ಒಂದು ಮಗುವಿಗೆ 75ರಿಂದ 100 ಡಾಲರ್ ಆಸುಪಾಸು, ನಿಮ್ಮ ಇಷ್ಟ" ಅಂತಿದೆ. ಈ "ನಿಮ್ಮ ಇಷ್ಟ" ಅನ್ನೋದೇ ತೊಂದರೆ. ಅವಳ ಟೀಮಿನಲ್ಲಿ ಒಬ್ಬಾಕೆ ಹೋದ ವರ್ಷ ಒಂದೇ ಮಗುವಿಗೆ 300 ಡಾಲರ್ ಸುರಿದಳಂತೆ. ನಾವು ನಮ್ಮ ಮಗಳಿಗೆ ಕ್ರಿಸ್‌ಮಸ್‌ಗೆ ಕೊಡೋದು ಮೂವತ್ತು ಡಾಲರ್ ಒಳಗಿನ ಒಂದೇ ಗಿಫ್ಟ್. ನಮ್ಮ ಹಬ್ಬ ಅಲ್ಲ, ಆದರೆ ಶಾಲೆಯಲ್ಲಿ ಎಲ್ಲರಿಗೂ ಸಾಂತಾ ಬರ್ತಾನೆ, ಇವಳಿಗೆ ಮಾತ್ರ ಬರಲ್ಲ ಅಂದರೆ ಆಗಲ್ಲ ಅಲ್ವಾ. ಇಲ್ಲಿ ಮನೆ ಬಾಡಿಗೆ, ಶಿವಮೊಗ್ಗದಲ್ಲಿ ಮನೆ ಸಾಲ, ಎರಡೂ ಇದೆ. ಜುಗ್ಗತನ ಮಾಡೋಕೆ ಮನಸ್ಸಿಲ್ಲ. ಹಾಗಂತ ತೋರಿಕೆಗೆ ಖರ್ಚು ಮಾಡೋಕೂ ಮನಸ್ಸಿಲ್ಲ. ನೀವೆಲ್ಲ ಎಷ್ಟು ಅಂತ ಹೇಗೆ ತೀರ್ಮಾನ ಮಾಡ್ತೀರಿ?

ಬೆಣ್ಣೆದೋಸೆ_ದಾವಣಗೆರೆ · ಹ್ಯೂಸ್ಟನ್

ಆಫೀಸಿನವರೇ ಒಂದು ಅಂಕಿ ಹೇಳಿದ್ದಾರಲ್ಲ ಗುರೂ. ಮಧ್ಯದ್ದು ಹಿಡಿ, 85. ಎರಡು ಮಕ್ಕಳಿಗೆ 170. ಶನಿವಾರ ಅಂಗಡಿಗೆ ಹೋಗು, ಮುಗಿಸು. ಇದಕ್ಕೂ ಚರ್ಚೆ ಬೇಕಾ?

ಲೆಕ್ಕದ_ಮೇಷ್ಟ್ರು · ಆ್ಯನ್ ಆರ್ಬರ್, ಮಿಷಿಗನ್

ಚರ್ಚೆ ಬೇಕು. ಯಾಕೆಂದರೆ ಪ್ರಶ್ನೆಯೇ ಸ್ವಲ್ಪ ತಪ್ಪಾಗಿದೆ. ಎಷ್ಟು ಅನ್ನೋದಕ್ಕಿಂತ ಮೊದಲು ಯಾವ ರೂಪದಲ್ಲಿ ಅಂತ ಕೇಳಬೇಕು.

ಜೋಯಲ್ ವಾಲ್ಡ್‌ಫೋಗೆಲ್ ಅಂತ ಒಬ್ಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಕ್ರಿಸ್‌ಮಸ್ ಗಿಫ್ಟ್‌ಗಳ ಮೇಲೆ ಒಂದು ಲೇಖನ ಬರೆದರು. ಗಿಫ್ಟ್ ಪಡೆದವರಿಗೆ ಆ ವಸ್ತು ಎಷ್ಟು ಬೆಲೆಬಾಳುತ್ತೆ ಅಂತ ಕೇಳಿದರು. ಕೊಟ್ಟವರು ಖರ್ಚು ಮಾಡಿದ ಹಣದಲ್ಲಿ ಶೇ. 10ರಿಂದ ಮೂರನೇ ಒಂದು ಭಾಗದವರೆಗೆ ಗಾಳಿಗೆ ಹೋಗುತ್ತೆ ಅನ್ನೋದು ಅವರ ಅಂದಾಜು. ನೀವು ನೂರು ಡಾಲರ್ ಗೊಂಬೆ ತಂದರೆ ಆ ಮನೆಗೆ ತಲುಪೋದು ಎಪ್ಪತ್ತೋ ತೊಂಬತ್ತೋ. ಅದೇ ನೂರು ಡಾಲರನ್ನು ಬಡವರಿಗೆ ದಿನಸಿ ಹಂಚುವ ನಿಮ್ಮ ಊರಿನ ಫುಡ್ ಬ್ಯಾಂಕ್‌ಗೆ ಕೊಡಿ. ಅವರು ಸಗಟಿನಲ್ಲಿ ಕೊಳ್ಳುತ್ತಾರೆ, ದೊಡ್ಡ ಅಂಗಡಿಗಳು ಕೊಡುವ ಸಾಮಾನು ಸಾಗಿಸುತ್ತಾರೆ. ನಾವು ಚಿಲ್ಲರೆ ದರದಲ್ಲಿ ತರುವುದಕ್ಕಿಂತ ಜಾಸ್ತಿ ಊಟ ಅದರಲ್ಲಿ ಆಗುತ್ತೆ. ಬಡ ಮನೆಗೆ ಪ್ಲಾಸ್ಟಿಕ್ ಗೊಂಬೆ ಮುಖ್ಯವೋ, ಜನವರಿಯ ಹೀಟರ್ ಬಿಲ್ ಮುಖ್ಯವೋ?

ಎಡಿಸನ್_ಅಕ್ಕ · ಎಡಿಸನ್, ನ್ಯೂಜೆರ್ಸಿ

ಮೇಷ್ಟ್ರೇ, ಆ ಲೇಖನದ ಮಾತು ಊಹೆಯ ಮೇಲೆ ಕೊಡುವ ಗಿಫ್ಟಿಗೆ ಸರಿ. ಅತ್ತೆ ತಂದ ಸ್ವೆಟರ್, ಚಿಕ್ಕಪ್ಪ ತಂದ ಟೈ, ಅಂಥವಕ್ಕೆ. ಇಲ್ಲಿ ಮನೆಯವರೇ ಪಟ್ಟಿ ಬರೆದಿದ್ದಾರೆ. ಕೋಟು ಬೇಕು, ಸೈಜ್ ಇಷ್ಟು ಅಂತ. ಗಾಳಿಗೆ ಹೋಗೋದು ಎಲ್ಲಿ ಬಂತು? ಕೋಟು ಬಂದರೆ ಕೋಟಿನ ದುಡ್ಡು ಉಳಿಯಿತು, ಅದು ಹೀಟರ್ ಬಿಲ್‌ಗೆ ಹೋಗುತ್ತೆ.

ತುಂಗೆಯ ದಡದವರೇ, ನಾನು ಕೆಲವು ವರ್ಷಗಳಿಂದ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಇಂಥದ್ದೇ ಒಂದು ಗೋದಾಮಿನಲ್ಲಿ ಚೀಲ ವಿಂಗಡಿಸುವ ಕೆಲಸಕ್ಕೆ ಹೋಗುತ್ತೇನೆ. ಮರದ ಆ ಕಡೆ ಏನಾಗುತ್ತೆ ಅನ್ನೋದು ಗೊತ್ತಿದ್ದರೆ ಎಷ್ಟು ಅನ್ನೋದು ಅರ್ಧ ತಾನಾಗೇ ಬಗೆಹರಿಯುತ್ತೆ.

ಇದು ಶುರುವಾಗಿದ್ದು 1979ರಲ್ಲಿ, ವರ್ಜೀನಿಯಾದ ಲಿಂಚ್‌ಬರ್ಗ್ ಊರಿನಲ್ಲಿ. ಚಾರ್ಲ್ಸ್ ವೈಟ್, ಶರ್ಲಿ ವೈಟ್ ಅಂತ ಸಾಲ್ವೇಶನ್ ಆರ್ಮಿಯ ದಂಪತಿ ಒಂದು ಶಾಪಿಂಗ್ ಮಾಲ್‌ನವರನ್ನು ಜೊತೆಗೆ ಹಾಕಿಕೊಂಡು, ದೇವದೂತರ ಚಿತ್ರ ಇರುವ ಶುಭಾಶಯ ಕಾರ್ಡ್‌ಗಳ ಮೇಲೆ ಮಕ್ಕಳಿಗೆ ಏನು ಬೇಕು ಅಂತ ಬರೆದು ಮರಕ್ಕೆ ಕಟ್ಟಿದರು. ಅದಕ್ಕೇ ಏಂಜಲ್ ಟ್ರೀ. ಇವತ್ತಿಗೂ ಕ್ರಮ ಹೆಚ್ಚುಕಮ್ಮಿ ಅದೇ. ತಂದೆ ತಾಯಿ ಮೊದಲೇ ಬಂದು ಅರ್ಜಿ ಹಾಕುತ್ತಾರೆ. ನೀವು ಕೊಟ್ಟಿದ್ದು ಗೋದಾಮಿಗೆ ಬರುತ್ತೆ. ನಾವು ಚೀಟಿಯ ನಂಬರ್ ನೋಡಿ ಮನೆವಾರು ಚೀಲ ಜೋಡಿಸುತ್ತೇವೆ. ಕ್ರಿಸ್‌ಮಸ್‌ಗೆ ಕೆಲವು ದಿನ ಮೊದಲು ತಂದೆ ತಾಯಿ ಬಂದು ಒಯ್ಯುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನಿಮ್ಮ ಗಿಫ್ಟ್ ಮಗುವಿನ ಕೈಗೆ ನೇರ ಹೋಗಲ್ಲ. ಅಪ್ಪ ಅಮ್ಮನ ಕೈಗೆ ಹೋಗುತ್ತೆ. ಅದಕ್ಕೇ ಬಣ್ಣದ ಕಾಗದ ಸುತ್ತಬೇಡಿ ಅನ್ನೋದು. ಒಳಗೆ ಏನಿದೆ ಅಂತ ನಾವು ನೋಡಬೇಕು, ಆಮೇಲೆ ಅವರು ತಾವೇ ಸುತ್ತಿ, ತಮ್ಮ ಕೈಯಾರೆ ಕೊಡಬೇಕು. ಮಗುವಿನ ಲೆಕ್ಕದಲ್ಲಿ ಅದು ಅಮ್ಮ ಕೊಟ್ಟದ್ದು, ಅಥವಾ ಸಾಂತಾ ಕೊಟ್ಟದ್ದು. ನೀವು ಆ ಚಿತ್ರದಲ್ಲೇ ಇಲ್ಲ.

ಈಗ 300 ಡಾಲರ್ ಸುರಿದವರ ವಿಷಯ. ಒಂದೇ ಮನೆಯ ಮೂರು ಮಕ್ಕಳ ಚೀಟಿ ಮೂರು ಬೇರೆ ಬೇರೆ ಮರದಲ್ಲಿ ಇರಬಹುದು. ಅಕ್ಕನ ಚೀಲದಲ್ಲಿ ಟ್ಯಾಬ್ಲೆಟ್, ಸ್ಕೂಟರ್, ಎರಡು ಜೊತೆ ಶೂ. ತಮ್ಮನ ಚೀಲದಲ್ಲಿ ಒಂದು ಬಣ್ಣ ಹಚ್ಚುವ ಪುಸ್ತಕ, ಒಂದು ಜೊತೆ ಕಾಲುಚೀಲ. ಇಂಥದ್ದು ಕಣ್ಣಿಗೆ ಬಿದ್ದಾಗ ನಾವು ಬೇರೆ ಕಡೆಯಿಂದ ಬಂದ ಸಾಮಾನು ತಂದು ತಮ್ಮನ ಚೀಲ ತುಂಬಿಸಬೇಕು. ಸಿಗುತ್ತಾ? ಕೆಲವೊಮ್ಮೆ ಸಿಗುತ್ತೆ. ಕಡಿಮೆ ಕೊಟ್ಟವರಿಂದ ಆಗುವಷ್ಟೇ ತಲೆನೋವು ವಿಪರೀತ ಕೊಟ್ಟವರಿಂದಲೂ ಆಗುತ್ತೆ.

ನಾನು ಮಾಡುವುದು ಹೀಗೆ. ಮೊದಲು ಅಗತ್ಯ ಅಂತ ಬರೆದಿದ್ದು ಪೂರ್ತಿ, ಒಳ್ಳೆ ಗುಣಮಟ್ಟದ್ದು. ಆಮೇಲೆ ಆಸೆಯಲ್ಲಿ ಒಂದು. ಅಷ್ಟೇ. ಕೋಟು, ಶೂ, ಒಂದು ಆಟಿಕೆ ಅಂದರೆ ಸೇಲ್ ನೋಡಿಕೊಂಡು ಕೊಂಡರೆ 80, 90ಕ್ಕೆ ಆಗುತ್ತೆ. ನಮ್ಮ ನ್ಯೂಜೆರ್ಸಿಯಲ್ಲಿ ಬಟ್ಟೆಗೆ ಶೂಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ನಿಮ್ಮ ಟೆಕ್ಸಸ್‌ನಲ್ಲಿ ಇದೆ. ಅದನ್ನೂ ಸೇರಿಸಿಕೊಳ್ಳಿ.

ಬೆಣ್ಣೆದೋಸೆ_ದಾವಣಗೆರೆ

ಅಂದರೆ 85. ನಾನು ಹೇಳಿದ್ದೇ. ಅಕ್ಕ ಅದನ್ನೇ ವಿವರವಾಗಿ ಹೇಳಿದರು.

ಸಂಡೂರು_ಸೀಮೆ · ಸನ್ನಿವೇಲ್, ಕ್ಯಾಲಿಫೋರ್ನಿಯಾ

ಕೊಡುವವರ ಮಾತು ಆಯಿತು. ತಗೊಂಡವನ ಮಾತೂ ಒಂದಿಷ್ಟು ಇರಲಿ.

ನಾನು ಐದನೇ ಕ್ಲಾಸಿನಿಂದ ಹತ್ತರವರೆಗೆ ಓದಿದ್ದು ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದುಕೊಂಡು. ಕ್ರಿಸ್‌ಮಸ್ ಅಲ್ಲ, ನಮಗೆ ದಾನಿಗಳು ಬರುತ್ತಿದ್ದದ್ದು ಆಗಸ್ಟ್ 15ಕ್ಕೆ, ನವೆಂಬರ್ ಒಂದಕ್ಕೆ, ಇಲ್ಲ ಅವರ ಅಪ್ಪನ ಪುಣ್ಯತಿಥಿಗೆ. ಸಾಲಾಗಿ ನಿಲ್ಲಿಸಿ ಕೊಡುತ್ತಿದ್ದರು. ಮೈಕಿನಲ್ಲಿ ಹೆಸರು ಕರೆಯುತ್ತಿದ್ದರು.

ಒಂದು ವಿಷಯ ಖಚಿತವಾಗಿ ಹೇಳುತ್ತೇನೆ. ವಸ್ತುವಿನ ಬೆಲೆ ಎಷ್ಟು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಪಕ್ಕದವನಿಗೆ ಏನು ಸಿಕ್ಕಿತು ಅನ್ನೋದು ಮಾತ್ರ ಗೊತ್ತಾಗುತ್ತಿತ್ತು. ಒಬ್ಬ ಯಜಮಾನರು ಒಂದು ವರ್ಷ ಎಲ್ಲರಿಗೂ ನೋಟ್‌ಬುಕ್ ಕೊಟ್ಟು, ಮೊದಲ ರ‍್ಯಾಂಕ್ ಬಂದವನಿಗೆ ಮಾತ್ರ ಕೈಗಡಿಯಾರ ಕಟ್ಟಿದರು. ಒಳ್ಳೆ ಮನಸ್ಸಿನಿಂದಲೇ. ಆ ಹುಡುಗ ಅದನ್ನು ಟ್ರಂಕಿನಲ್ಲಿ ಬಟ್ಟೆ ಕೆಳಗೆ ಇಟ್ಟು ಬೀಗ ಹಾಕಿದ. ಹಾಸ್ಟೆಲ್‌ನಲ್ಲಿ ಯಾವತ್ತೂ ಕಟ್ಟಲಿಲ್ಲ. ಕಟ್ಟಿದರೆ ದೊಡ್ಡ ಹುಡುಗರು ಬಿಡುತ್ತಿರಲಿಲ್ಲ. ಬೇಸಿಗೆ ರಜೆಗೆ ಊರಿಗೆ ಒಯ್ದ, ವಾಪಸ್ ತರಲೇ ಇಲ್ಲ.

ಇನ್ನೊಂದು ಅಳತೆ. ಚಪ್ಪಲಿ, ಶೂ ಎಲ್ಲ ಒಂದೇ ಸೈಜ್ ಗೋಣಿಚೀಲದಲ್ಲಿ ಬರುತ್ತಿತ್ತು. ಸಣ್ಣವರಿಗೆ ದೊಡ್ಡದು, ದೊಡ್ಡವರಿಗೆ ಹತ್ತುವುದೇ ಇಲ್ಲ. ಇಲ್ಲಿ ಚೀಟಿಯಲ್ಲಿ ಸೈಜ್ ಬರೆದುಕೊಡುತ್ತಾರೆ ಅಂತ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಆ ಸೈಜಿಗೆ ಸರಿಯಾದದ್ದು ತನ್ನಿ. ಬೆಳೆಯುವ ಮಗು ಅಂತ ಎರಡು ಸೈಜ್ ಮೇಲಿಂದ ತರಬೇಡಿ. ನಮ್ಮ ಮನೆಗಳಲ್ಲಿ ಆ ಅಭ್ಯಾಸ ಇದೆಯಲ್ಲ, ಅದು ಬೇಡ. ಕೊಂಡುಕೊಳ್ಳುವ ಅಂಗಡಿಯೂ ಮುಖ್ಯ. ನಿಮ್ಮ ಮಗಳಿಗೆ ಎಲ್ಲಿ ಶೂ ಕೊಳ್ಳುತ್ತೀರೋ ಅಲ್ಲೇ ಕೊಳ್ಳಿ. ದುಡ್ಡು ಎಷ್ಟಾದರೂ ಆಗಲಿ, 60 ಆಗಲಿ 110 ಆಗಲಿ, ಸರಿಯಾದದ್ದೇ.

ತುಂಗೆಯ_ದಡ

ಸಂಡೂರು ಸೀಮೆಯವರೇ, ಬರೆದದ್ದಕ್ಕೆ ಧನ್ಯವಾದ. ಕೋಟು, ಶೂ ವಿಷಯ ಈಗ ಸ್ಪಷ್ಟ. ಅಕ್ಕ ಹೇಳಿದ ಹಾಗೆ ಹುಡುಗಿಯದು ಹೊಂದುತ್ತೆ.

ಹುಡುಗನದ್ದೇ ಕಷ್ಟ. ಸೈಕಲ್. ಆ ವಯಸ್ಸಿಗೆ ಸರಿಹೋಗುವ ಸಾಧಾರಣ ಸೈಕಲ್ ಅಂಗಡಿಯಲ್ಲಿ 110ಕ್ಕೆ ಕಂಡಿತು. ಹೆಲ್ಮೆಟ್ 20, ಬೀಗ 10. ನಮ್ಮಲ್ಲಿ ಶೇ. 8.25 ಟ್ಯಾಕ್ಸ್. ಒಟ್ಟು ನೂರೈವತ್ತು ದಾಟುತ್ತೆ. ಜೀನ್ಸ್, ಹೂಡಿ ಇನ್ನೂ ಬಾಕಿ. ಸೈಕಲ್ ಅಂತ ಬರೆದ ಹುಡುಗನಿಗೆ ಹೆಡ್‌ಫೋನ್ ಕೊಟ್ಟರೆ ಮೋಸ ಮಾಡಿದ ಹಾಗಾಗುತ್ತಾ? ನಾನು ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಕೊಡಚಾದ್ರಿ_ಮಳೆ · ಕೇರಿ, ನಾರ್ತ್ ಕೆರೊಲಿನಾ

"ಅಥವಾ" ಅಂತ ಇದೆಯಲ್ಲ. ಅದನ್ನು ಬರೆಸಿದ್ದು ಆ ಹುಡುಗನ ಅಮ್ಮನೇ ಇರಬೇಕು. ಸೈಕಲ್ ಸಿಗದೇ ಹೋಗಬಹುದು ಅಂತ ಗೊತ್ತಿದ್ದೇ ಎರಡನೆಯದು ಹೇಳಿದ್ದಾರೆ. ಅದನ್ನು ಕೊಟ್ಟರೆ ಯಾವ ಮೋಸವೂ ಇಲ್ಲ.

ಎಡಿಸನ್_ಅಕ್ಕ

ನಿಜ. ಸೈಕಲ್ಲೇ ಕೊಡಬೇಕು ಅನ್ನಿಸಿದರೆ ಒಬ್ಬರೇ ಹೊರಬೇಡಿ. ನಾಲ್ಕು ಜನ ಸೇರಿ ಒಂದು ಚೀಟಿ ತಗೊಳ್ಳೋದು ಆಫೀಸುಗಳಲ್ಲಿ ಮಾಮೂಲು. ಆದರೆ ಮೊದಲು ಸಂಘಟಕರನ್ನು ಕೇಳಿ. ಜೋಡಿಸಿ ತರಬೇಕಾ, ಡಬ್ಬದಲ್ಲೇ ಇರಲಾ? ಒಂದೊಂದು ಊರಿನಲ್ಲಿ ಒಂದೊಂದು ನಿಯಮ. ಡಬ್ಬದಲ್ಲಿ ಕೊಟ್ಟರೆ ಆ ಮನೆಯಲ್ಲಿ ಸ್ಪ್ಯಾನರ್ ಇರಬೇಕಲ್ಲ!

ಇನ್ನೊಂದು. ನಿಮ್ಮ ಹೆಂಡತಿ ಹನ್ನೆರಡು ವರ್ಷದ ಹುಡುಗನ ಚೀಟಿ ತಂದದ್ದು ದೊಡ್ಡ ಕೆಲಸ. ಮರದಲ್ಲಿ ಕೊನೆಗೆ ಉಳಿಯೋದು ಅವೇ. ಎರಡು ವರ್ಷದ ಪಾಪುವಿನ ಚೀಟಿ ಮೊದಲ ದಿನವೇ ಮಾಯ, ಪುಟ್ಟ ಫ್ರಾಕ್ ಕೊಳ್ಳೋದು ಎಲ್ಲರಿಗೂ ಇಷ್ಟ. ಹತ್ತು ಹನ್ನೆರಡು ವರ್ಷದ ಹುಡುಗರ ಸಾಮಾನು ಜಾಸ್ತಿ ದುಡ್ಡು ಕೇಳುತ್ತೆ, ಮುದ್ದಾಗಿಯೂ ಇರಲ್ಲ. ನಿಮಗೆ ಕೊಡುವ ಶಕ್ತಿ ಸ್ವಲ್ಪ ಜಾಸ್ತಿ ಇದ್ದರೆ ಅದನ್ನು ಅಂಥ ಚೀಟಿಗೆ ಇಡಿ. ಏಳು ವರ್ಷದವಳಿಗೆ 80, ಹನ್ನೆರಡರವನಿಗೆ 110 ಆದರೆ ಅದು ಅಸಮಾನ ಅಲ್ಲ. ದೊಡ್ಡ ಜೀನ್ಸ್‌ಗೆ ದೊಡ್ಡ ಬೆಲೆ.

ಮೊದಲ_ಚಳಿಗಾಲ · ಮಿನಿಯಾಪೊಲಿಸ್

ನಾನು ಸ್ಟೂಡೆಂಟ್. ಸ್ಟೈಪೆಂಡ್‌ನಲ್ಲಿ ಬದುಕುತ್ತಿದ್ದೇನೆ. ನಿಮ್ಮೆಲ್ಲರ 85, 110 ಕೇಳಿ ಸುಮ್ನೆ ಓದಿ ಹೋಗೋಣ ಅಂದುಕೊಂಡೆ. ಆದರೂ ಕೇಳುತ್ತೇನೆ. ಇಪ್ಪತ್ತು ಡಾಲರ್‌ನಲ್ಲಿ ಏನಾದರೂ ಆಗುತ್ತಾ, ಅಥವಾ ಕೆಲಸ ಸಿಕ್ಕ ಮೇಲೆ ನೋಡೋದು ಒಳ್ಳೆಯದಾ?

ಕೊಡಚಾದ್ರಿ_ಮಳೆ

ಆಗುತ್ತೆ ಕಣಪ್ಪ, ಚೆನ್ನಾಗೇ ಆಗುತ್ತೆ. ನಿನಗೆ ಏಂಜಲ್ ಟ್ರೀ ಬೇಡ. ಚೀಟಿ ತಗೊಂಡರೆ ಆ ಮಗುವಿನ ಪೂರ್ತಿ ಹೊಣೆ ನಿನ್ನದು. ಬಡ ಮಕ್ಕಳಿಗೆ ಆಟಿಕೆ ಸಂಗ್ರಹಿಸುವ ಟಾಯ್ಸ್ ಫಾರ್ ಟಾಟ್ಸ್ ಡಬ್ಬ ನೋಡು. ಮರೀನ್ ಸೈನಿಕರ ಮೀಸಲು ಪಡೆಯವರು ನಡೆಸೋದು. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಿಲ್ ಹೆಂಡ್ರಿಕ್ಸ್ ಅನ್ನುವ ಮೇಜರ್ ಶುರು ಮಾಡಿದರು. ಅವರ ಹೆಂಡತಿ ಕೈಯಲ್ಲಿ ಹೊಲಿದ ಒಂದು ಬಟ್ಟೆ ಗೊಂಬೆಯನ್ನು ಬಡ ಮಗುವಿಗೆ ತಲುಪಿಸಿ ಅಂದರಂತೆ. ತಲುಪಿಸುವ ಸಂಸ್ಥೆಯೇ ಸಿಗಲಿಲ್ಲ. ಹಾಗಾದರೆ ನೀವೇ ಒಂದು ಶುರು ಮಾಡಿ ಅಂದರು ಆಯಮ್ಮ. ಮೊದಲ ವರ್ಷವೇ 5,000 ಆಟಿಕೆ ಸೇರಿತು. ಅವರ ರೈಲಿನ ಲೋಗೋ ಬರೆದುಕೊಟ್ಟಿದ್ದು ವಾಲ್ಟ್ ಡಿಸ್ನಿ.

ಅಲ್ಲಿ ಇಷ್ಟೇ ಅಂತ ಇಲ್ಲ. ಹೊಸದಾಗಿರಬೇಕು, ಸುತ್ತಿರಬಾರದು. 1980ರಿಂದ ಹಳೇ ಆಟಿಕೆ ತಗೊಳ್ಳೋದಿಲ್ಲ. ಇಪ್ಪತ್ತು ಡಾಲರಿಗೆ ಒಂದು ಒಳ್ಳೆ ಬಾಸ್ಕೆಟ್‌ಬಾಲ್ ಬರುತ್ತೆ. ದೊಡ್ಡ ಮಕ್ಕಳಿಗೆ ಆಗುವಂಥದ್ದು ಅಲ್ಲೂ ಕಡಿಮೆ ಬರೋದು, ಆದ್ದರಿಂದ ಅದನ್ನೇ ಹಾಕು.

ಮೊದಲ_ಚಳಿಗಾಲ

ಅಂಚೆ ಇಲಾಖೆಯವರದ್ದು ಒಂದು ಇದೆಯಂತಲ್ಲ, ಸಾಂತಾಗೆ ಮಕ್ಕಳು ಬರೆದ ಪತ್ರ ಓದಿ ಕಳಿಸೋದು?

ಕೊಡಚಾದ್ರಿ_ಮಳೆ

ಆಪರೇಶನ್ ಸಾಂತಾ. ಹಳೇದು, 1912ರಷ್ಟು ಹಿಂದಿನದು. ಈಗ ಆನ್‌ಲೈನ್‌ನಲ್ಲಿ ಪತ್ರ ಓದಿ ಆರಿಸಬಹುದು. ಮಗುವಿನ ವಿಳಾಸ ನಿನಗೆ ಕಾಣಲ್ಲ, ನಿನ್ನ ಗುರುತು ಅವರು ಪರೀಕ್ಷೆ ಮಾಡುತ್ತಾರೆ. ಆದರೆ ಪಾರ್ಸೆಲ್ ಖರ್ಚು ನಿನ್ನದೇ. ಇಪ್ಪತ್ತರ ಬಜೆಟ್‌ನಲ್ಲಿ ಅರ್ಧ ಅಂಚೆಗೇ ಹೋಗುತ್ತೆ. ಕೆಲಸ ಸಿಕ್ಕ ಮೇಲೆ ಮಾಡು. ಪತ್ರಗಳನ್ನಂತೂ ಓದು, ಓದೋಕೆ ದುಡ್ಡಿಲ್ಲ.

ಹಳೇ_ಬಾಗಲಕೋಟೆ · ಫೀನಿಕ್ಸ್

ಬೇಜಾರು ಮಾಡ್ಕೋಬೇಡಿ. ಡಾಲರ್ ಗಳಿಸೋ ದೇಶದ ಮಕ್ಕಳಿಗೆ ಹೆಡ್‌ಫೋನ್ ಕೊಡಿಸೋದಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದ್ದೀವಿ. ಅದೇ 200 ಡಾಲರ್ ಊರಿನ ಶಾಲೆಗೆ ಕಳಿಸಿದರೆ ಒಂದು ಕ್ಲಾಸಿನ ಎಲ್ಲ ಮಕ್ಕಳಿಗೂ ಬ್ಯಾಗು, ನೋಟ್‌ಬುಕ್ ಆಗುತ್ತೆ. ಅಲ್ವಾ?

ತುಂಗೆಯ_ದಡ

ಆಗುತ್ತೆ ಸರ್. ಊರಿಗೂ ಕಳಿಸುತ್ತೇವೆ, ಅದು ಬೇರೆ ಲೆಕ್ಕ. ಆದರೆ ಈ ಹುಡುಗಿ ನನ್ನ ಮಗಳ ಶಾಲೆಯಲ್ಲೇ ಇರಬಹುದು, ಯಾರಿಗೆ ಗೊತ್ತು. ಇಲ್ಲಿನ ರಸ್ತೆ, ಇಲ್ಲಿನ ಲೈಬ್ರರಿ, ಇಲ್ಲಿನ ಶಾಲೆ ಎಲ್ಲ ಬಳಸುತ್ತೇವೆ. ಚಳಿಗೆ ಕೋಟಿಲ್ಲದ ಮಗು ಎಲ್ಲಿದ್ದರೂ ಚಳಿಯೇ.

ಲೆಕ್ಕದ_ಮೇಷ್ಟ್ರು

ಊರಿಗೆ ಕಳಿಸುವವರು ಒಂದು ತಿಳಿದಿರಲಿ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗಲ್ಲ. ಅಮೆರಿಕದ ಪೌರತ್ವ ತಗೊಂಡವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ವಿದೇಶಿಯರೇ. ಅವರ ಹಣ ತಗೊಳ್ಳುವ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇಕು, ಹಣ ಮೊದಲು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಟ್ರಸ್ಟ್‌ಗಳಿಗೆ ಸಾಮಾನ್ಯವಾಗಿ ಅದಿರಲ್ಲ. ಒಳ್ಳೆಯದು ಮಾಡಲು ಹೋಗಿ ಅವರನ್ನು ತೊಂದರೆಗೆ ಸಿಕ್ಕಿಸಬೇಡಿ.

ಇಲ್ಲಿನ ತೆರಿಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. 2025ಕ್ಕೆ ಗಂಡ ಹೆಂಡತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಪಟ್ಟಿ ಕೊಡದೆಯೇ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ) 31,500 ಡಾಲರ್. ಅದನ್ನು ತಗೊಳ್ಳುವವರಿಗೆ ಈ ನೂರು ಡಾಲರ್ ಕೋಟು ಶೂನಿಂದ ತೆರಿಗೆಯಲ್ಲಿ ಏನೂ ಉಳಿಯಲ್ಲ. 2026ರಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ ತಗೊಳ್ಳುವವರಿಗೂ ಜಂಟಿಯಾಗಿ 2,000 ಡಾಲರ್‌ವರೆಗೆ ವಿನಾಯಿತಿ ಇದೆ, ಆದರೆ ಹಣವಾಗಿ ಕೊಟ್ಟದ್ದಕ್ಕೆ ಮಾತ್ರ, ಗೊಂಬೆಗೆ ಅಲ್ಲ. ಕಂಪನಿಗಳ ಮ್ಯಾಚಿಂಗ್, ಅಂದರೆ ನೌಕರರು ಕೊಟ್ಟದ್ದಕ್ಕೆ ಕಂಪನಿ ತನ್ನ ಪಾಲು ಸೇರಿಸೋದು ಕೂಡ ಸಾಮಾನ್ಯವಾಗಿ ಹಣಕ್ಕೇ. ನೋಡಿ, ತಿರುಗಿ ತಿರುಗಿ ನನ್ನ ಮಾತಿಗೇ ಬಂತು.

ಎಡಿಸನ್_ಅಕ್ಕ

ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ ಮೇಷ್ಟ್ರೇ. ಚೀಟಿಗೆ ಹೇಳಿದಷ್ಟು ಸಾಮಾನು. ಅದಕ್ಕಿಂತ ಮೇಲೆ ಕೊಡಬೇಕು ಅನ್ನಿಸಿದ್ದು ಹಣವಾಗಿ. ಯಾರೂ ಕೀಳದೆ ಉಳಿದ ಚೀಟಿಗಳಿಗೆ, ಚೀಟಿ ತಗೊಂಡು ಏನೂ ತಾರದೆ ಕೈಕೊಟ್ಟವರ ಜಾಗ ತುಂಬಲು ಆ ಹಣ ಬೇಕೇ ಬೇಕು. 300 ಡಾಲರ್ ಕೊಡುವವರು 100ಕ್ಕೆ ಚೀಟಿ ತುಂಬಿಸಿ 200 ಚೆಕ್ ಬರೆದರೆ ನನಗೆ ಡಿಸೆಂಬರ್‌ನಲ್ಲಿ ನಿದ್ದೆ ಬರುತ್ತೆ.

ಲೆಕ್ಕದ_ಮೇಷ್ಟ್ರು

ಅರ್ಧ ಒಪ್ಪಿದಿರಲ್ಲ, ಅದೇ ದೊಡ್ಡದು. ನಾನು ಮಾತ್ರ ಪೂರ್ತಿ ಚೆಕ್ಕೇ ಬರೆಯೋದು.

ಒಂಟಿಕೊಪ್ಪಲ್ · ಮೈಸೂರು

ಇಲ್ಲಿಂದ ಒಂದೆರಡು ಮಾತು. ಬೆಂಗಳೂರಿನ ನಮ್ಮ ಆಫೀಸಿನಲ್ಲೂ ಈ ಮರ ಬಂದಿದೆ. ನಮ್ಮಲ್ಲಿ ಇದು ಕ್ರಿಸ್‌ಮಸ್‌ಗಿಂತ ಮೊದಲೇ, ಅಕ್ಟೋಬರ್ 2ರಿಂದ 8ರವರೆಗಿನ ದಾನ್ ಉತ್ಸವದಲ್ಲಿ. 2009ರಲ್ಲಿ ಜಾಯ್ ಆಫ್ ಗಿವಿಂಗ್ ವೀಕ್ ಅಂತ ಶುರುವಾಗಿದ್ದು ಇದೇ. ನಾನು ಎರಡು ವರ್ಷದಿಂದ ಇದರ ಉಸ್ತುವಾರಿ. ನಾವು ಒಂದು ಮಗುವಿಗೆ 600 ರೂಪಾಯಿ ಅಂತ ಗೆರೆ ಹಾಕಿದ್ದೇವೆ. ಮೇಲೂ ಇಲ್ಲ ಕೆಳಗೂ ಇಲ್ಲ. ಮೊದಲು "ನಿಮ್ಮ ಇಷ್ಟ" ಅಂತಲೇ ಇತ್ತು. ಮ್ಯಾನೇಜರ್ ರಿಮೋಟ್ ಕಾರ್ ತಂದರು, ಹೊಸದಾಗಿ ಸೇರಿದ ಹುಡುಗಿ ಕ್ರೇಯಾನ್ ತಂದಳು. ಅವಳು ಆ ಪೊಟ್ಟಣವನ್ನು ಮೇಜಿನ ಮೇಲೆ ಇಡದೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಳು. ಗೆರೆ ಹಾಕಿದ್ದು ಮಕ್ಕಳಿಗೆ ಎಷ್ಟೋ, ಕೊಡುವವರಿಗೂ ಅಷ್ಟೇ.

ಈ ಮಕ್ಕಳಿರುವ ಆಶ್ರಯಧಾಮದವರು ನಮಗೆ ಹೇಳಿದ ಇನ್ನೊಂದು ಮಾತು. ಅಕ್ಟೋಬರ್‌ನಿಂದ ಜನವರಿವರೆಗೆ ಕೇಕು, ಸಿಹಿ, ಬಿರಿಯಾನಿ ಸಾಕುಸಾಕು. ಒಂದೇ ದಿನ ಮೂರು ದಾನಿಗಳ ಬರ್ತ್‌ಡೇ. ಮೇ ಕೊನೆಗೆ, ಜೂನ್‌ಗೆ ಶಾಲೆ ಶುರುವಾದಾಗ ಶೂ, ಯೂನಿಫಾರ್ಮ್, ಕಾಲುಚೀಲ ಕೇಳಿದರೆ ಯಾರೂ ಇರಲ್ಲ. ಈಗ ನಾವು 600ರಲ್ಲಿ 250 ಹಬ್ಬಕ್ಕೆ, 350 ಜೂನ್‌ಗೆ ಅಂತ ಎತ್ತಿಡುತ್ತೇವೆ. ಇದಕ್ಕೆ ಆಫೀಸಿನಲ್ಲಿ ಸ್ವಲ್ಪ ಗೊಣಗಾಟ ಇದೆ. ಜೂನ್‌ನಲ್ಲಿ ಮರ ಇರಲ್ಲ, ಫೋಟೋ ಇರಲ್ಲ.

ಫೋಟೋ ಅಂದದ್ದಕ್ಕೆ ಹೇಳುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ ಕಲಂ 74ರ ಪ್ರಕಾರ ಅಂಥ ಮಕ್ಕಳ ಗುರುತು ಗೊತ್ತಾಗುವ ಫೋಟೋವನ್ನು ಯಾವ ಮಾಧ್ಯಮದಲ್ಲೂ ಹಾಕುವಂತಿಲ್ಲ. ಆದರೂ ಗಿಫ್ಟ್ ಕೊಟ್ಟು ಸೆಲ್ಫಿ ತೆಗೆಯೋದು ನಿಂತಿಲ್ಲ. ಇಲ್ಲಿ ದಾನಕ್ಕೆ ಸಿಗುವ 80ಜಿ ತೆರಿಗೆ ವಿನಾಯಿತಿ ಕೂಡ ಹಾಗೇ, ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, ಅದೂ ಹಣಕ್ಕೆ ಮಾತ್ರ. ವಸ್ತುವಾಗಿ ಕೊಟ್ಟರೆ ಸಿಗಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೂ ಸಿಗಲ್ಲ.

ಸಂಡೂರು_ಸೀಮೆ

ಮೇಡಂ, ಆ ಜೂನ್ ದುಡ್ಡು ಬಿಡಬೇಡಿ. ಯಾರು ಗೊಣಗಿದರೂ ಸರಿ. ಶಾಲೆ ಶುರುವಾದ ಮೊದಲ ವಾರ ಹಳೇ ಯೂನಿಫಾರ್ಮ್‌ನಲ್ಲಿ ಹೋಗುವವರು ಯಾರು ಅಂತ ಇಡೀ ಕ್ಲಾಸಿಗೆ ಗೊತ್ತಿರುತ್ತೆ.

ತುಂಗೆಯ_ದಡದ_ಮನೆಯವಳು · ಪ್ಲೇನೋ

ಚೀಟಿ ತಂದವಳು ನಾನೇ. ಇವರು ಇಲ್ಲಿ ಇಷ್ಟು ಉದ್ದ ಬರೆದಿದ್ದಾರೆ ಅಂತ ಈಗ ಗೊತ್ತಾಯಿತು. ಮನೆಯಲ್ಲಿ "ನೋಡೋಣ" ಬಿಟ್ಟು ಬೇರೆ ಮಾತು ಬಂದಿಲ್ಲ.

ಎಡಿಸನ್ ಅಕ್ಕ, ನೀವು ಬರೆದದ್ದು ಓದಿ ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಹುಡುಗಿಗೆ ಕೋಟು 35, ಶೂ 25, ಬಣ್ಣದ ಸೆಟ್ 20. ಎಂಬತ್ತು, ಟ್ಯಾಕ್ಸ್ ಸೇರಿ 86 ಚಿಲ್ಲರೆ. ಬಣ್ಣದ ಸೆಟ್ ಆರಿಸಿದ್ದು ನಮ್ಮ ಮಗಳು. ಗೊಂಬೆ ಯಾವ ಥರದ್ದು ಇಷ್ಟವೋ ಗೊತ್ತಿಲ್ಲ, ಬಣ್ಣ ಆದರೆ ಎಲ್ಲರಿಗೂ ಆಗುತ್ತೆ ಅಂದಳು. ಆಮೇಲೆ ನೇರ ಕೇಳಿದಳು, ಅವಳಿಗೆ ಎಂಬತ್ತು, ನನಗೆ ಮೂವತ್ತು ಯಾಕೆ ಅಂತ. ನಿನ್ನ ಕೋಟು ಶೂ ನಾವು ಸೆಪ್ಟೆಂಬರ್‌ನಲ್ಲೇ ಕೊಡಿಸಿದ್ದೀವಲ್ಲ, ಅದನ್ನು ಸೇರಿಸಿ ಲೆಕ್ಕ ಹಾಕು ಅಂದೆ. ಹಾಕಿದಳು. ಅವಳದ್ದೇ ಜಾಸ್ತಿ ಬಂತು. ಸುಮ್ಮನಾದಳು. ಇವರ "ನಮ್ಮ ಮಗಳಿಗೇ ಇಷ್ಟು ಕೊಡಲ್ಲ" ಅನ್ನುವ ಗೊಂದಲಕ್ಕೂ ಅಲ್ಲೇ ಉತ್ತರ ಸಿಕ್ಕಿತು ಅನ್ನಿಸುತ್ತೆ.

ಹುಡುಗನಿಗೆ ಸೈಕಲ್ ಬೇಡ ಅಂತ ತೀರ್ಮಾನಿಸಿದ್ದೇನೆ. ಟೀಮಿನಲ್ಲಿ ದುಡ್ಡು ಸೇರಿಸಬಹುದಿತ್ತು. ಆದರೆ ಹೋಗಿ ಕೇಳಿದರೆ ಇಲ್ಲ ಅನ್ನೋಕೆ ಕಷ್ಟ ಇರುವವರೂ ಇದ್ದಾರೆ, ಹೊಸಬರಿದ್ದಾರೆ, ಕಾಂಟ್ರ್ಯಾಕ್ಟ್ ಹುಡುಗರಿದ್ದಾರೆ. ಮೈಸೂರಿನ ಮೇಡಂ ಹೇಳಿದ ಬ್ಯಾಗಿನೊಳಗಿನ ಕ್ರೇಯಾನ್ ಓದಿದ ಮೇಲೆ ಅಂತೂ ಕೇಳೋದೇ ಬೇಡ ಅನ್ನಿಸಿತು. ಜೀನ್ಸ್, ಹೂಡಿ, ಹೆಡ್‌ಫೋನ್. ಎಲ್ಲ ಸೇರಿ ನೂರರ ಆಸುಪಾಸು. ಇವರಿಗೆ ಸೈಕಲ್ ಬಿಟ್ಟದ್ದು ಇನ್ನೂ ಮನಸ್ಸಿಗೆ ಸರಿಹೋಗಿಲ್ಲ. ಚೆಕ್ ಬರೆಯಲಿ, ಮೇಷ್ಟ್ರಿಗೂ ಖುಷಿಯಾಗುತ್ತೆ.

ಬೆಣ್ಣೆದೋಸೆ_ದಾವಣಗೆರೆ

86 ಚಿಲ್ಲರೆ! ನಾನು 85 ಅಂದಿದ್ದೆ. ಯಾರೂ ಗಮನಿಸಲಿಲ್ಲ ಅಂತ ಹೇಳ್ತಿದ್ದೇನೆ ಅಷ್ಟೇ.

ಎಡಿಸನ್_ಅಕ್ಕ

ಚೆನ್ನಾಗಿದೆ ತಂಗಿ. ಕೊಡುವಾಗ ಚೀಟಿಯನ್ನು ಚೀಲಕ್ಕೆ ಭದ್ರವಾಗಿ ಅಂಟಿಸು. ನಂಬರ್ ಇಲ್ಲದ ಚೀಲ ಬಂದರೆ ಅದು ಯಾರದ್ದು ಅಂತ ಹುಡುಕೋದಕ್ಕೆ ಆಗಲ್ಲ. ಎಲ್ಲ ಒಂದೇ ಚೀಲದಲ್ಲಿ ಇರಲಿ. ಬೆಲೆ ಚೀಟಿ ಕಿತ್ತು, ಗಿಫ್ಟ್ ರಸೀದಿ ಇಡು, ಸೈಜ್ ಹೊಂದದಿದ್ದರೆ ಬದಲಾಯಿಸಬಹುದು. ಬ್ಯಾಟರಿ ಬೇಕಾಗುವ ಸಾಮಾನಾದರೆ ಬ್ಯಾಟರಿಯನ್ನೂ ಹಾಕು. ಕೊನೆ ದಿನಾಂಕ ಸಾಮಾನ್ಯವಾಗಿ ಡಿಸೆಂಬರ್ ಮೊದಲ ವಾರದ ಆಸುಪಾಸಿನಲ್ಲೇ ಇರುತ್ತೆ, ಕ್ರಿಸ್‌ಮಸ್‌ವರೆಗೆ ಟೈಮ್ ಇದೆ ಅಂದುಕೊಳ್ಳಬೇಡ.

ತುಂಗೆಯ_ದಡದ_ಮನೆಯವಳು

ಸರಿ ಅಕ್ಕ. ಇನ್ನೊಂದೇ ಪ್ರಶ್ನೆ. ಹನ್ನೆರಡು ವರ್ಷದ ಹುಡುಗನಿಗೆ ಹೆಡ್‌ಫೋನ್ ವೈರ್ ಇರೋದಾ, ಬ್ಲೂಟೂತಾ? ಮನೆಯಲ್ಲಿ ಆ ವಯಸ್ಸಿನವರಿಲ್ಲ.

ಕೊಡಚಾದ್ರಿ_ಮಳೆ

ನನ್ನ ಮನೆಯಲ್ಲಿ ಹದಿಮೂರರವನು ಇದ್ದಾನೆ, ಕೇಳಿದೆ. ಬ್ಲೂಟೂತ್ ಅಂತೆ, ಆದರೆ ವೈರ್ ಹಾಕೋ ತೂತೂ ಇರಬೇಕಂತೆ. ಶಾಲೆಯ ಲ್ಯಾಪ್‌ಟಾಪ್‌ಗೆ ವೈರೇ ಬೇಕಾಗುತ್ತಂತೆ. ಕಪ್ಪು ಬಣ್ಣ. ಕಿವಿ ಮೇಲೆ ಕೂರುವಂಥದ್ದು. ಮೂವತ್ತು ಡಾಲರ್ ಒಳಗೆ ಸಿಗುತ್ತೆ, ಅದಕ್ಕಿಂತ ಜಾಸ್ತಿ ಕೊಡಬೇಡಿ, ಬಸ್ಸಲ್ಲಿ ಕಳೆದುಹೋಗುತ್ತೆ ಅಂದ.

ತುಂಗೆಯ_ದಡ

ಕಪ್ಪು, ಎರಡೂ ಥರ ಆಗುವಂಥದ್ದು. ಬರೆದುಕೊಂಡೆ. ಶನಿವಾರ ಹೋಗುತ್ತೇವೆ.

ಮೊದಲ_ಚಳಿಗಾಲ

ನಾನು ಇವತ್ತೇ ಹೋಗಿ ಬಂದೆ. ಬಾಸ್ಕೆಟ್‌ಬಾಲ್ 17 ಡಾಲರ್. ಜೊತೆಗೆ ಗಾಳಿ ತುಂಬುವ ಸಣ್ಣ ಪಂಪ್ ತಗೊಳ್ಳಲಾ, ಅದು 6? ಇಪ್ಪತ್ತು ದಾಟುತ್ತೆ.

ಕೊಡಚಾದ್ರಿ_ಮಳೆ

ಅಂಗಡಿಯಲ್ಲೇ ಗಾಳಿ ತುಂಬಿಸಿರುತ್ತಾರೆ. ಪಂಪ್ ಬಿಡು, ಮನೆಗೆ ಹಾಲು ತಗೊಂಡು ಹೋಗು.